ಕೂತು ಆಡುವ ಶನಿವಾರಗಳು

ಮಾರ್ಚ್ 4, 2012, ಭಾನುವಾರ

ಸಾವಿನ ಮನೆಗೆ ಬಂದಿದ್ದ ನೆಂಟರಲ್ಲಿ ನಾದಿನಿಯೊಬ್ಬಳನ್ನು ಬಿಟ್ಟು ಎಲ್ಲರೂ ಇವತ್ತು ಹೊರಟರು. ಅಂಗಳದಲ್ಲಿ ಹಾಸಿದ್ದ ಚಾಪೆಗಳನ್ನು ಚಿಲುಫ್ಯ ಒಂದೊಂದಾಗಿ ಕೊಡವಿ ಸುತ್ತಿಟ್ಟಳು. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಚಾಪೆ. ಯಾರೂ ಹೇಳಿರಲಿಲ್ಲ. ಹನ್ನೆರಡು ವರ್ಷದ ಹುಡುಗಿ ಹೇಳುವ ಮೊದಲೇ ಎಲ್ಲ ಮುಗಿಸಿ, ಇನ್ನೇನು ಮಾಡಲಿ ಎಂದು ಕೇಳುವಂತೆ ಗೋಡೆಗೆ ಒರಗಿ ನಿಲ್ಲುತ್ತಾಳೆ.

ಈ ಪುಸ್ತಕ ಗಣಿಯದು. ಲುವಾನ್ಶ್ಯದ ತಾಮ್ರದ ಗಣಿಯಲ್ಲಿ ಆಳುಗಳನ್ನು ಕೆಳಗಿಳಿಸಿ ಮೇಲೆತ್ತುವ ಯಂತ್ರವನ್ನು ಇಪ್ಪತ್ತೇಳು ವರ್ಷ ನಡೆಸಿದೆ. ಪಾಳಿ ಮುಗಿದ ಕೂಡಲೇ ಏನೇನಾಯಿತು ಎಂದು ಬರೆದಿಡಬೇಕಿತ್ತು. ಕೆಲಸದ ಕೊನೆಯ ದಿನ ಖಾಲಿ ಪುಸ್ತಕವೊಂದನ್ನು ಕೋಟಿನೊಳಗೆ ಇಟ್ಟುಕೊಂಡು ಬಂದೆ. ಹನ್ನೆರಡು ವರ್ಷ ಅದರಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೆಂಡತಿ ಅನಸ್ತಾಸಿಯಾಗೆ ಹೇಳಿಬಿಡುತ್ತಿದ್ದೆ.

ನಮ್ಮ ದೇಶ ಫುಟ್‌ಬಾಲಿನ ಆಫ್ರಿಕಾ ಕಪ್ ಗೆದ್ದ ವಾರವೇ ಅವಳು ಹೋದಳು. ಬಂದವರ ಗಂಟಲೆಲ್ಲ ಗೆಲುವಿಗೆ ಕೂಗಿ ಕೂಗಿ ಒಡೆದಿತ್ತು, ಅಳುವುದಕ್ಕೆ ದನಿಯೇ ಉಳಿದಿರಲಿಲ್ಲ. ಪಕ್ಕದ ಮನೆಯ ಮುದುಕಿ ಬಾಯಿ ತೆಗೆದರೆ ಗಾಳಿ ಮಾತ್ರ ಬರುತ್ತಿತ್ತು. ಅನಸ್ತಾಸಿಯಾ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾದಿನಿ ಫೆಲಿಸ್ತಾ ನಾಳೆ ತನ್ನೂರು ಕಸಾಮಾಕ್ಕೆ ಹೋಗುತ್ತಾಳೆ. ಸಂಜೆ ಒಲೆಯ ಪಕ್ಕ ಕೂರಿಸಿಕೊಂಡು ಕೇಳಿದಳು.

“ಭಾವ, ಈ ಮಕ್ಕಳ ವಿಷ್ಯ ಏನ್ ಮಾಡ್ತೀರಿ?”

“ಏನ್ ಮಾಡೋದು?”

“ಒಂದಕ್ಕೆ ಕಾಲಿಲ್ಲ. ಇನ್ನೊಂದಕ್ಕೆ ಬುದ್ಧಿ ಬೆಳ್ದಿಲ್ಲ. ನಿಮಗೆ ಅರವತ್ಮೂರು, ನೀರು ಕಾಯಿಸೋಕೂ ಬರಲ್ಲ. ಅಕ್ಕ ಇದ್ಲು, ನಡೀತು. ಸಾಕಿದ್ದು ಅವಳು, ನೀವು ಸಹಿ ಹಾಕಿದ್ದು ಅಷ್ಟೆ. ನನಗೇನು ಗೊತ್ತಿಲ್ವಾ?”

ಸುಳ್ಳಲ್ಲ. ಅನಸ್ತಾಸಿಯಾ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅಡುಗೆಯವಳು. ಲಾರಿಗೆ ಸಿಕ್ಕಿ ತಾಯಿಯನ್ನೂ ಒಂದು ಕಾಲನ್ನೂ ಕಳೆದುಕೊಂಡ ಮೂರು ವರ್ಷದ ಚಿಲುಫ್ಯಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಒಂದು ದಿನ ಇವಳೇ ಬೆನ್ನಿಗೆ ಕಟ್ಟಿಕೊಂಡು ಬಂದಳು. ಎರಡು ವರ್ಷದ ಮೇಲೆ ಬೆಸಾನನ್ನು ತಂದಳು. ಆಗ ಅವನಿಗೆ ಆರು ತಿಂಗಳು. ಕಿರಿಗಣ್ಣು, ಚಪ್ಪಟೆ ಮುಖ. ಡೌನ್ ಸಿಂಡ್ರೋಮ್ ಅಂದರು. ಹೆತ್ತವಳು ವಾರ್ಡಿನಲ್ಲಿ ಬಿಟ್ಟು ಹೋಗಿದ್ದಳು. ಕೋರ್ಟಿಗೆ ಎರಡು ಸಲ ಹೋಗಿ ದತ್ತು ಪತ್ರಕ್ಕೆ ನಾನು ಸಹಿ ಹಾಕಿದೆ. ಆಮೇಲೆ ಬಂದು ಅಂಗಳದ ಕುರ್ಚಿಯಲ್ಲಿ ಕೂತೆ.

ಅವಳ ಮಕ್ಕಳು. ಏನು ಮಾಡಬೇಕೋ ತಿಳಿಯುತ್ತಿಲ್ಲ.

ಮಾರ್ಚ್ 9, ಶುಕ್ರವಾರ

ನ್ಶಿಮಾ ಮಾಡಲು ಹೋದೆ. ಜೋಳದ ಹಿಟ್ಟು ಗಂಟಾಯಿತು, ತಳ ಹತ್ತಿತು. ಮುದ್ದೆಯ ಹೊರಗೆ ಕಲ್ಲು, ಒಳಗೆ ಹಸಿ ಹಿಟ್ಟು. ಚಿಲುಫ್ಯ ಪೂರ್ತಿ ತಿಂದಳು.

“ಚೆನ್ನಾಗಿತ್ತು ಅಪ್ಪಾವ್ರೇ. ನೀವ್ಯಾಕೆ ಕಷ್ಟಪಡ್ತೀರಿ, ನಾಳೆಯಿಂದ ನಾನ್ ಮಾಡ್ತೀನಿ.”

ಬೆಸಾ ತಿನ್ನಲಿಲ್ಲ. ನಾಲ್ಕು ಗಂಟೆಗೆ ಗೇಟಿನ ಹತ್ತಿರ ಹೋಗಿ ನಿಂತವನು ಆರರವರೆಗೆ ಅಲ್ಲೇ ಇದ್ದ. ಅದು ಅನಸ್ತಾಸಿಯಾ ವಾರ್ಡಿನಿಂದ ಬರುತ್ತಿದ್ದ ಹೊತ್ತು.

ಮಾರ್ಚ್ 14, ಬುಧವಾರ

ಸಮಾಜ ಕಲ್ಯಾಣ ಕಚೇರಿಗೆ ಕಾಗದ ಬರೆದೆ. ನನ್ನ ವಯಸ್ಸು, ಮೊಣಕಾಲು, ಮನೆಯಲ್ಲಿ ಹೆಂಗಸರಿಲ್ಲದ್ದು, ಎಲ್ಲ ಬರೆದು, ಇಬ್ಬರನ್ನೂ ಒಳ್ಳೆಯ ಆಶ್ರಮಕ್ಕೆ ಸೇರಿಸಿಕೊಡಬೇಕೆಂದು ಕೇಳಿದೆ. ನಾನೇ ನಡೆದು ಹೋಗಿ ಕೊಟ್ಟೆ. ಎರಡು ಮೂರು ತಿಂಗಳಲ್ಲಿ ಯಾರಾದರೂ ಬಂದು ನೋಡುತ್ತಾರೆ ಎಂದ ಗುಮಾಸ್ತ.

ಬರುವಾಗ ದಾರಿ ಉದ್ದವಾಗಿತ್ತು.

ಮಾರ್ಚ್ 24, ಶನಿವಾರ

ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತು ಕೂಗಿದಳು. “ಈ ಕೋತಿ ತಿನ್ನೋರ ಮನೇಲಿ ಯಾರಾದ್ರೂ ಇದ್ದಾರಾ?”

ಅಂಗೋನಿ ಪಂಗಡದವಳು ಎಂದು ಆಗಲೇ ಗೊತ್ತಾಯಿತು. ಬೆಂಬಾಗಳಾದ ನಮಗೂ ಅವರಿಗೂ ಹಳೆಯ ಕೀಟಲೆಯ ನಂಟು, ಅವರಿಗೆ ನಾವು ಕೋತಿ ತಿನ್ನುವವರು, ನಮಗೆ ಅವರು ಇಲಿ ತಿನ್ನುವವರು. ಸಾವಿನ ಮನೆಯಲ್ಲೂ ಬೈದು ನಗಿಸುವ ಹಕ್ಕು ಅವರಿಗಿದೆ. ತಿರುಗಿ ಬೈಯದಿದ್ದರೆ ನಮಗೇ ಅವಮಾನ.

“ಇದ್ದೀವಿ. ಇಲಿ ಹಿಡ್ಯೋಕೆ ಬಂದ್ಯಾ? ಹಿತ್ತಲಲ್ಲಿ ಬೇಕಾದಷ್ಟಿವೆ.”

ಅವಳು ನಕ್ಕಳು. ಮೂವತ್ತೈದಿರಬಹುದು. ಪೋಲಿಯೋ ಆದ ಎಡಗಾಲಿಗೆ ಕಬ್ಬಿಣದ ಪಟ್ಟಿ. ಹೆಸರು ಲಿಸ್ಸಿ ಶಾವಾ, ಶಾಲೆಯ ಟೀಚರ್. ಅಂಗಳದ ಮೆಟ್ಟಿಲ ಮೇಲೆ ಕೂತು ಕಬ್ಬಿಣದ ಕಾಲು ನೀಡಿಕೊಂಡಳು.

“ಆರು ಶನಿವಾರ ಆಯ್ತು. ಚಿಲುಫ್ಯ, ಬೆಸಾ ಯಾಕೆ ಹಾಲ್‌ಗೆ ಬರ್ತಿಲ್ಲ?”

“ಯಾವ ಹಾಲ್?”

“ವೆಲ್ಫೇರ್ ಹಾಲ್. ಆಟಕ್ಕೆ. ನಿಮ್ಮನೆಯವರು ಮೂರು ವರ್ಷದಿಂದ ಕರ್ಕೊಂಡ್ ಬರ್ತಿದ್ರಲ್ಲ.”

ಶನಿವಾರ ಮಧ್ಯಾಹ್ನ ಅವರು ಚರ್ಚಿನ ಹೆಂಗಸರ ಸಂಘಕ್ಕೆ ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ. ಅನಸ್ತಾಸಿಯಾ ಹಾಗೆಂದು ಹೇಳಿರಲಿಲ್ಲ. ಎಲ್ಲಿಗೆ ಎಂದು ನಾನೂ ಕೇಳಿರಲಿಲ್ಲ. ಅವಳು ಹೊರಡುವಾಗ ನಾನು ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿರುತ್ತಿದ್ದೆ.

ಒಳಗೆ ತಿರುಗಿ ನೋಡಿದೆ. ಚಿಲುಫ್ಯ ಬಾಗಿಲ ಹಿಂದೆ ನಿಂತಿದ್ದಳು.

“ನೀನ್ಯಾಕೆ ಹೇಳ್ಲಿಲ್ಲ?”

“ನಿಮಗೆ ತೊಂದ್ರೆ ಆಗುತ್ತೆ ಅಂತ, ಅಪ್ಪಾವ್ರೇ.”

ಗಣಿಯವರು ಕಟ್ಟಿಸಿದ್ದ ವೆಲ್ಫೇರ್ ಹಾಲ್‌ಗೆ ನಾನು ಕಾಲಿಟ್ಟು ಹದಿಮೂರು ವರ್ಷವಾಗಿತ್ತು. ಗಣಿ ಚೆನ್ನಾಗಿದ್ದ ಕಾಲದಲ್ಲಿ ಅದರ ಹಲಗೆ ನೆಲಕ್ಕೆ ವಾರಕ್ಕೊಮ್ಮೆ ಮೇಣ ತಿಕ್ಕುತ್ತಿದ್ದರು. ಶುಕ್ರವಾರ ಸಿನಿಮಾ, ಶನಿವಾರ ಬ್ಯಾಂಡು. ಎಪ್ಪತ್ತೈದರಲ್ಲಿ ಅನಸ್ತಾಸಿಯಾಳನ್ನು ನಾನು ಮೊದಲು ನೋಡಿದ್ದು ಅಲ್ಲೇ. ಹಳದಿ ಲಂಗ. ಅಣ್ಣನ ಜೊತೆ ಬಂದಿದ್ದಳು. ಕುಣಿಯುತ್ತೀಯಾ ಎಂದು ಕೇಳಿದ್ದಕ್ಕೆ, “ಗೋಲ್‌ಕೀಪರ್ ಕಸೊಂಡೆ ಅಂದ್ರೆ ನೀನೇನಾ? ಹೋದ ವಾರ ಮೂರು ಗೋಲು ಬಿಟ್ಟೆಯಲ್ಲ” ಅಂದಳು.

ಆಮೇಲೆ ಕುಣಿದಳು.

ಮಾರ್ಚ್ 31, ಶನಿವಾರ

ಹೋದೆವು. ಚಿಲುಫ್ಯ ಬೆಳಗಿನಿಂದಲೇ ತಯಾರಾಗಿದ್ದಳು, ಆದರೆ ಒಂದು ಸಲವೂ ಹೊತ್ತಾಯಿತು ಅನ್ನಲಿಲ್ಲ. ನಾನೇ ಎದ್ದಾಗ ಎದ್ದಳು.

ಹಾಲ್‌ನ ಹಲಗೆಗಳು ಅರ್ಧಕ್ಕರ್ಧ ಕಿತ್ತುಹೋಗಿವೆ, ಅಲ್ಲಿ ಸಿಮೆಂಟು ಬಳಿದಿದ್ದಾರೆ. ಕಿಟಕಿಯ ಗಾಜಿಲ್ಲ. ಬ್ಯಾಂಡಿನವರು ನಿಲ್ಲುತ್ತಿದ್ದ ಕಟ್ಟೆಯ ಮೇಲೆ ಈಗ ಊರುಗೋಲುಗಳ ರಾಶಿ, ಎರಡು ಗಾಲಿಕುರ್ಚಿ, ಒಂದು ಮರದ ಕಾಲು, ಜೊತೆಗೆ ಸಾಲಾಗಿ ಚಪ್ಪಲಿಗಳು. ಒಳಗೆ ಹದಿನೈದು ಜನ ನೆಲದ ಮೇಲೆ ಕೂತಿದ್ದರು. ನಡುವೆ ನನ್ನ ಎದೆಮಟ್ಟಕ್ಕೂ ಬಾರದ ಬಲೆ.

ವಾಲಿಬಾಲೇ, ಆದರೆ ಕೂತು ಆಡುವುದು. ಚೆಂಡು ಮುಟ್ಟುವಾಗ ಕುಂಡೆ ನೆಲ ಬಿಡಬಾರದು. ಕೈಗಳ ಮೇಲೆ ಭಾರ ಹಾಕಿ ಜಾರುತ್ತಾ ಓಡಾಡುತ್ತಾರೆ. ಎರಡೂ ಕಾಲು ಸರಿಯಿದ್ದವರೂ ಇದ್ದರು. ಒಬ್ಬ ಬಸ್ ಡ್ರೈವರ್, ಇಬ್ಬರು ನರ್ಸುಗಳು, ಶಾವಾಳ ತಂಗಿ. ಕೂತ ಮೇಲೆ ಯಾರ ಕಾಲು ಯಾವುದು, ಯಾರಿಗೆ ಇಲ್ಲ ಎಂದು ನಾನು ಲೆಕ್ಕ ಹಾಕುವುದನ್ನು ಬಿಡಲೇಬೇಕಾಯಿತು. ಕಾಲಿದ್ದವರೇ ಹಿಂದೆ ಬೀಳುತ್ತಿದ್ದರು. ಕಾಲು ಅಡ್ಡ ಬರುತ್ತಿತ್ತು.

ಚಿಲುಫ್ಯ ಊರುಗೋಲು ಇಟ್ಟು ಕೂತಳು. ಮನೆಯಲ್ಲಿ ಗೋಡೆ ಹಿಡಿದು ಓಡಾಡುವ ಹುಡುಗಿ ಅಲ್ಲಿ ಹಾವಿನ ಹಾಗೆ ಸರಿದಳು. ನೋಡುತ್ತಾ ಕೂತೆ.

ನೀರು ಕುಡಿಯಲು ಬಂದ ಶಾವಾ ಹೇಳಿದಳು. “ನಿಮ್ಮನೆಯವರು ನಮ್ಮ ತಂಡದ ಮುಖ್ಯ ಆಟಗಾರ್ತಿ. ಬಲೆ ಹತ್ರ ಚೆಂಡು ಎತ್ತಿ ಕೊಡೋರು ಅವರೇ.”

“ಯಾರು? ಅನಸ್ತಾಸಿಯಾನಾ? ಐವತ್ತೇಳು ವರ್ಷದವಳು?”

“ಬಂದ ಮೊದಲನೇ ದಿನ ಬಾಗಿಲಲ್ಲಿ ನಿಂತಿದ್ರು. ಒಳಗೆ ಬನ್ನಿ ಅಂದೆ. ‘ನನಗೆ ಕಾಲಿದೆಯಲ್ಲಾ’ ಅಂದ್ರು. ‘ಇರಲಿ ಬಿಡಿ, ಅದಕ್ಕೆ ನೀವೇನ್ ಮಾಡೋಕಾಗುತ್ತೆ’ ಅಂದೆ. ಕೂತ್ಬಿಟ್ರು.”

ಮೂರು ವರ್ಷ ಶನಿವಾರ ಸಂಜೆ ಅವಳು ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ವಾರ್ಡಿನಲ್ಲಿ ಕೆಲಸ ಜಾಸ್ತಿ ಎಂದುಕೊಂಡು ನಾನು ತಿಕ್ಕುತ್ತಿದ್ದೆ.

ಏಪ್ರಿಲ್ 9, ಈಸ್ಟರ್ ಸೋಮವಾರ

ಬೆಸಾ ಅಂಗಳದಲ್ಲಿ ಕಿತ್ತಳೆಗಳನ್ನು ಒಂದೊಂದೇ ಎತ್ತಿ ನನ್ನತ್ತ ಎಸೆದ. ಕುರ್ಚಿಯಲ್ಲಿ ಕೂತೇ ಹಿಡಿದೆ. ಮತ್ತೊಂದು. ಎಡಕ್ಕೆ, ಬಲಕ್ಕೆ, ತಲೆಯ ಮೇಲೆ. ಹನ್ನೊಂದರಲ್ಲಿ ಒಂದು ಬಿಟ್ಟೆ, ಅದೂ ಬಿಸಿಲು ಕಣ್ಣಿಗೆ ಬಿತ್ತು ಅಂತ. ಅವನು ಕೇಕೆ ಹಾಕಿ ನೆಲಕ್ಕೆ ಬಿದ್ದು ನಕ್ಕ. ಮಾತು ಕಡಿಮೆ, ಬಂದರೂ ನನಗೆ ಅರ್ಧ ಅರ್ಥವಾಗುವುದಿಲ್ಲ. ಆದರೆ ‘ಇನ್ನೊಂದು’ ಎಂಬುದು ಅರ್ಥವಾಯಿತು.

ಆಗ ಅವನಿಗೆ ಎಪ್ಪತ್ತಾರರ ಕತೆ ಹೇಳಿದೆ. ನಮ್ಮ ಪಾಳಿಯ ತಂಡಕ್ಕೂ ಕುಲುಮೆಯವರ ತಂಡಕ್ಕೂ ಫೈನಲ್. ಕಲ್ಲು ಅಗೆಯುವವರು, ಗುಮಾಸ್ತರು, ಹೆಂಗಸರು, ಮೈದಾನದ ಸುತ್ತ ನಿಲ್ಲಲು ಜಾಗವಿಲ್ಲ. ಕೊನೆಯ ನಿಮಿಷದಲ್ಲಿ ಪೆನಾಲ್ಟಿ. ಎಡಕ್ಕೆ ಹಾರಿದೆ. ಬೆರಳ ತುದಿಗೆ ಚೆಂಡು ತಾಗಿದ ಆ ಉರಿ ಇವತ್ತೂ ನೆನಪಿದೆ. ಮನೆಯವರೆಗೂ ಹೊತ್ತುಕೊಂಡೇ ಬಂದರು. ಸಂಜೆ ಗಣಿಯ ಸೈರನ್ ನನಗಾಗಿಯೇ ಕೂಗಿದ ಹಾಗಿತ್ತು.

ಬೆಸಾ ಪೂರ್ತಿ ಕೇಳಿ, ಕಿತ್ತಳೆ ಸುಲಿದು ಅರ್ಧ ನನ್ನ ಬಾಯಿಗೆ ತುರುಕಿದ.

ಏಪ್ರಿಲ್ 21, ಶನಿವಾರ

ಕೂತೆ.

ಆಡಬೇಕು ಅಂತಲ್ಲ. ಒಬ್ಬರು ಕಡಿಮೆ ಇದ್ದರು, ಅಷ್ಟೆ. ಶಾವಾ ಎಲ್ಲರ ಮುಂದೆ, “ಕೋತಿ ತಿಂದ ಶಕ್ತಿ ಎಲ್ಲಿ ಹೋಯ್ತು? ಕುರ್ಚಿಗೆ ಅಂಟ್ಕೊಂಡಿದೆಯಾ?” ಅಂದಳು. ಇಂಥವಳ ಬಾಯಿ ಮುಚ್ಚಿಸುವುದು ಹೇಗೆ?

ಮೊಣಕಾಲು ಮಡಿಸಿ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮೊದಲ ಐದು ಚೆಂಡು ನನ್ನ ಪಕ್ಕದಿಂದ ಹೋದವು. ಕೈ ಮೊದಲಿನದೇ, ಮೈ ಬರುವುದಿಲ್ಲ. ಎಲ್ಲಿ ಹೋಗಬೇಕಾದರೂ ಕೈಯನ್ನೇ ಊರಬೇಕು, ಊರಿದರೆ ಚೆಂಡಿಗೆ ಕೈ ಇಲ್ಲ. ಆರನೆಯದಕ್ಕೆ ಹಾರಿದೆ, ಕುಂಡೆ ಎದ್ದಿತು, ಶಾವಾ ಸೀಟಿ ಊದಿದಳು.

“ಮುದ್ಕಪ್ಪಾ, ಇಲ್ಲಿ ಎದ್ದರೆ ತಪ್ಪು.”

“ಇಡೀ ಜೀವನ ‘ಏಳೋ, ಏಳೋ’ ಅಂತ ಬೈಸ್ಕೊಂಡಿದ್ದೀನಿ. ಈಗ ಇದೊಂದು.”

ಎಲ್ಲರೂ ನಕ್ಕರು. ನಾನೂ. ಅನಸ್ತಾಸಿಯಾ ಹೋದ ಮೇಲೆ ಎಷ್ಟನೆಯ ಸಲವೋ, ಗೊತ್ತಿಲ್ಲ.

ದಾರಿಯಲ್ಲಿ ಚಿಲುಫ್ಯಳನ್ನು ಕೇಳಿದೆ, ಹೇಗೆ ಆಡಿದೆ ಎಂದು.

“ತುಂಬಾ ಚೆನ್ನಾಗಿ ಆಡಿದ್ರಿ, ಅಪ್ಪಾವ್ರೇ.”

ಹದಿನಾಲ್ಕು ಚೆಂಡಿನಲ್ಲಿ ಎರಡು ಎತ್ತಿದ್ದೆ.

ಏಪ್ರಿಲ್ 22, ಭಾನುವಾರ

ಏಳಲಾಗಲಿಲ್ಲ. ಬೆಸಾ ಬೆನ್ನ ಮೇಲೆ ಹತ್ತಿ ನಡೆದ. ಎಣ್ಣೆಗಿಂತ ಅದೇ ವಾಸಿ.

ಮೇ 5, ಶನಿವಾರ

ಜುಲೈ ಮೊದಲ ವಾರ ನ್ದೋಲಾದಲ್ಲಿ ಪಂದ್ಯಾವಳಿಯಂತೆ. ಆರು ತಂಡ. ಪ್ರತಿ ತಂಡದಲ್ಲೂ ಊನ ಇದ್ದವರು, ಇಲ್ಲದವರು, ಗಂಡು ಹೆಣ್ಣು, ದೊಡ್ಡವರು ಚಿಕ್ಕವರು, ಎಲ್ಲ ಇರಬೇಕು. ನಮ್ಮ ತಂಡದಲ್ಲಿ ನನ್ನ ಹೆಸರೂ ಬರೆದಿದ್ದಾಳೆ ಶಾವಾ. ಕೇಳಲೂ ಇಲ್ಲ.

ಬೆಸಾನದೇ ಸಮಸ್ಯೆ. ಸರದಿಯ ಪ್ರಕಾರ ಜಾಗ ಬದಲಿಸುವುದು ಅವನಿಗೆ ತಿಳಿಯುವುದಿಲ್ಲ. ಯಾರ ಚೆಂಡು ಬಂದರೂ ಚಿಲುಫ್ಯಳಿಗೇ ಕೊಡುತ್ತಾನೆ, ಅವಳು ಎದುರು ತಂಡದಲ್ಲಿದ್ದರೂ. ಇವತ್ತು ಬಸ್ ಡ್ರೈವರ್ ಒಂದು ಉಪಾಯ ಮಾಡಿದ. ನೆಲದ ಮೇಲೆ ಆರು ಬಣ್ಣದ ಬಟ್ಟೆ ತುಂಡು ಅಂಟಿಸಿದ. ಕೆಂಪಾದ ಮೇಲೆ ನೀಲಿ, ನೀಲಿ ಆದ ಮೇಲೆ ಹಸಿರು. ಬೆಸಾ ಎರಡು ಸುತ್ತಿನಲ್ಲಿ ಕಲಿತ. ಈಗ ನಾನೇ ಮರೆತರೆ ಅವನು ನನ್ನ ಅಂಗಿ ಹಿಡಿದು ಎಳೆದು ಹಸಿರಿಗೆ ಕೂರಿಸುತ್ತಾನೆ.

ಬರುವಾಗ ಮಾರುಕಟ್ಟೆಯಲ್ಲಿ ಕಪೆಂತಾ ಒಣಮೀನು ಕೊಳ್ಳಲು ನಿಂತೆವು. ಮೀನಿನವಳು ಬೆಸಾ ಬುಟ್ಟಿಗೆ ಕೈ ಹಾಕಿದ್ದು ಕಂಡು, “ಈ ಹುಚ್ಚುಮಗುನ ಯಾಕಪ್ಪ ಬೀದಿಗೆ ಬಿಡ್ತಾರೆ” ಅಂದಳು.

“ನನ್ನ ಮಗ ಅವನು. ಮೀನು ಕೊಳೆತಿದೆಯಾ ಅಂತ ನೋಡ್ತಿದ್ದಾನೆ. ನೋಡಿ ಆಯ್ತೇನೋ? ಕೊಳೆತಿದೆಯಾ? ಹಾಗಾದ್ರೆ ನಡಿ.”

ಮುಂದಿನ ಸಾಲಿನಲ್ಲಿ ಕೊಂಡೆ. ಅಲ್ಲಿ ಸ್ವಲ್ಪ ದುಬಾರಿ. ಇರಲಿ.

ಚಿಲುಫ್ಯ ಕಪೆಂತಾವನ್ನು ಟೊಮೇಟೊ ಹಾಕಿ ಹುರಿದಳು. ಮುದ್ದೆ ನಾನು ತಿರುವಿದೆ. ಗಂಟಿರಲಿಲ್ಲ.

ಮೇ 19, ಶನಿವಾರ

ಬೆಸಾನ ಒಂದು ಬೂಟು ಸಿಗಲಿಲ್ಲ. ಹಾಲ್‌ಗೆ ಹೊತ್ತಾಗಿತ್ತು. ಮಕ್ಕಳ ಮಂಚದ ಕೆಳಗೆ ಕೋಲು ಹಾಕಿ ತಡಕಿದೆ. ಒಂದು ಚೀಲ ತಾಗಿತು, ಎಳೆದೆ.

ಅನಸ್ತಾಸಿಯಾ ಸಂತೆಗೆ ಒಯ್ಯುತ್ತಿದ್ದ ಪಟ್ಟೆ ಪಟ್ಟೆ ಚೀಲ. ಒಳಗೆ ಚಿಲುಫ್ಯಳ ಎರಡು ಲಂಗ, ಬೆಸಾನ ಮೂರು ಅಂಗಿ, ಸ್ವೆಟರ್, ಎಲ್ಲ ಮಡಿಸಿಟ್ಟಿತ್ತು. ಇಬ್ಬರ ಆಸ್ಪತ್ರೆ ಚೀಟಿಗಳು ಪ್ಲಾಸ್ಟಿಕ್ಕಿನಲ್ಲಿ. ಒಂದು ಸೋಪು, ಎರಡು ತುಂಡು ಮಾಡಿದ್ದು. ಅನಸ್ತಾಸಿಯಾಳ ಒಂದು ಫೋಟೋ.

ಸ್ವೆಟರಿನ ಮಡಿಕೆಯಲ್ಲಿ ನುಸಿ ಗುಳಿಗೆ ಕರಗಿ ಪುಡಿಯಾಗಿತ್ತು. ನಿನ್ನೆ ಮೊನ್ನೆ ಕಟ್ಟಿದ್ದಲ್ಲ.

ಇದ್ದ ಹಾಗೇ ಒಳಗೆ ತಳ್ಳಿದೆ. ಬೂಟು ಬಾಗಿಲ ಹಿಂದೆ ಸಿಕ್ಕಿತು. ಹಾಲ್‌ನಲ್ಲಿ ಒಂದೂ ಚೆಂಡು ಎತ್ತಲಾಗಲಿಲ್ಲ. ಶಾವಾ ಏನೋ ಬೈದಳು, ನನಗೆ ತಿರುಗಿ ಬೈಯಲು ಬರಲಿಲ್ಲ. ಅವಳು ಹೋಗಿ ನೀರು ತಂದುಕೊಟ್ಟಳು.

ಅನಸ್ತಾಸಿಯಾಳನ್ನು ಮದುವೆಯಾಗಿ ಇಪ್ಪತ್ತೇಳು ವರ್ಷ ನಮಗೆ ಮಕ್ಕಳಾಗಲಿಲ್ಲ. ನಮ್ಮಲ್ಲಿ ಅಪ್ಪ ಅಮ್ಮಂದಿರನ್ನು ಮಕ್ಕಳ ಹೆಸರು ಹಿಡಿದೇ ಕರೆಯುವುದು. ಅವಳನ್ನು ಕರೆಯಲು ಬೀದಿಯವರಿಗೆ ಹೆಸರೇ ಇರಲಿಲ್ಲ, ‘ಕಸೊಂಡೆಯ ಹೆಂಡತಿ’ ಅನ್ನುತ್ತಿದ್ದರು. ಚಿಲುಫ್ಯಳನ್ನು ತಂದ ವಾರ ನಲ್ಲಿಯ ಹತ್ತಿರ ಯಾರೋ ‘ಚಿಲುಫ್ಯಳಮ್ಮಾ, ನಿನ್ನ ಕೊಡ ತುಂಬ್ತು’ ಅಂದರಂತೆ. ಕೊಡ ಅಲ್ಲೇ ಬಿಟ್ಟು ಮನೆಗೆ ಓಡಿಬಂದು ನನಗೆ ಹೇಳಿದಳು. ನಾನು ಪೇಪರ್ ಓದುತ್ತಿದ್ದೆ. ‘ಕೊಡ ಎಲ್ಲಿ?’ ಅಂದೆ.

ಮೇ 21, ಸೋಮವಾರ

ಕಚೇರಿಗೆ ಹೋದೆ, ಕಾಗದ ವಾಪಸ್ ಕೊಡಿ ಎಂದು. ಫೈಲು ಮೇಲಿನವರಿಗೆ ಹೋಗಿದೆಯಂತೆ, ಹೋದದ್ದನ್ನು ಕೆಳಗಿಳಿಸಲು ಬರುವುದಿಲ್ಲವಂತೆ. ಗಣಿಯಲ್ಲಿ ಎಷ್ಟೋ ಸಾವಿರ ಜನರನ್ನು ಮೇಲೆತ್ತಿ ಕೆಳಗಿಳಿಸಿದವನು ನಾನು. ಒಂದು ಹಾಳೆಯನ್ನು ಇಳಿಸಲಾಗಲಿಲ್ಲ.

ಜೂನ್ 12, ಮಂಗಳವಾರ

ಬಂದರು.

ಹತ್ತು ಗಂಟೆಗೆ ಬಿಳಿ ಜೀಪು. ಇನೊಂಗೆ ಎಂದು ಹೆಸರು, ಚಿಕ್ಕ ವಯಸ್ಸಿನ ಅಧಿಕಾರಿಣಿ, ಪಶ್ಚಿಮದ ಕಡೆಯವಳು. ಒಳ್ಳೆಯ ಮಾತು. ಕೂತು ಫೈಲು ತೆಗೆದಳು. ಚಿಲುಫ್ಯ ನೀರು ತಂದು, ನಮ್ಮ ಪದ್ಧತಿಯ ಹಾಗೆ ತಗ್ಗಿ ಕೊಟ್ಟಳು. ಒಂದು ಕಾಲಿನಲ್ಲಿ ತಗ್ಗುವುದು ಸುಲಭವಲ್ಲ.

“ಈ ಕಾಗದ ನೀವೇ ಬರೆದಿದ್ದಾ, ಕಸೊಂಡೆಯವರೇ?”

“ನಾನೇ.”

ಚಿಲುಫ್ಯ ಒಳಗೆ ಹೋದಳು. ಏನೋ ಎಳೆಯುವ ಸದ್ದು. ಹಿಂದಿರುಗಿದಾಗ ಪಟ್ಟೆ ಚೀಲ ಹೆಗಲಿನಲ್ಲಿತ್ತು. ಬೆಸಾನಿಗೆ ಬೂಟು ತೊಡಿಸಿದ್ದಳು. ಚೀಲವನ್ನು ಬಾಗಿಲ ಪಕ್ಕ ಇಟ್ಟು ಇನೊಂಗೆಗೆ ಹೇಳತೊಡಗಿದಳು, ಪಾಠ ಒಪ್ಪಿಸುವ ಹಾಗೆ.

“ಇವನಿಗೆ ಹಸೀ ಹಾಲು ಕೊಡಬಾರ್ದು ಮೇಡಂ, ಹೊಟ್ಟೆ ಕೆಡುತ್ತೆ. ಕಿವಿ ಸೋರುತ್ತೆ, ಹತ್ತಿ ಇಡ್ಬೇಕು. ಕತ್ತಲಿಗೆ ಹೆದರ್ತಾನೆ. ನಮ್ಮಿಬ್ಬರನ್ನೂ ಒಂದೇ ಕಡೆ ಹಾಕಿ. ನಾನು ಎಲ್ಲ ಕೆಲ್ಸ ಮಾಡ್ತೀನಿ. ಹೆಣ್ಮಕ್ಕಳ ಕಡೆ ಅವನಿಗೆ ಜಾಗ ಇಲ್ಲ ಅಂದ್ರೆ, ಬಾಗಿಲ ಹತ್ರ ಮಲಗಿಸ್ತೀನಿ.”

ಅಳಲಿಲ್ಲ. ದನಿ ಕೂಡ ಅಲ್ಲಾಡಲಿಲ್ಲ. ಎಷ್ಟು ದಿನದಿಂದ ಇದನ್ನು ಮನಸ್ಸಿನಲ್ಲೇ ಹೇಳಿಕೊಂಡಿದ್ದಳೋ.

“ನಿಂಗ್ಹೇಗೆ ಗೊತ್ತಾಯ್ತು?” ಎಂದೆ. 

“ಚಿಕ್ಕಮ್ಮ ಹೇಳಿದ್ದು ಕೇಳಿಸ್ತು, ಅವರು ಹೋಗೋ ಹಿಂದಿನ ದಿನ. ಆವತ್ತೇ ಕಟ್ಟಿದೆ. ಪರವಾಗಿಲ್ಲ ಅಪ್ಪಾವ್ರೇ. ನಿಮ್ಮ ಮೇಲೆ ಬೇಜಾರಿಲ್ಲ.”

ಇನೊಂಗೆ ಪೆನ್ನು ಕೆಳಗಿಟ್ಟಳು. “ಚಿಲುಫ್ಯ, ನಿನಗೆ ಇಲ್ಲಿರೋಕೆ ಇಷ್ಟನಾ?”

“ಅವರಿಗೆ ಬೇಕಿದ್ರೆ.”

ಇಬ್ಬರೂ ನನ್ನತ್ತ ನೋಡಿದರು. ಮೂವರು. ಬೆಸಾನೂ ನೋಡುತ್ತಿದ್ದ, ಇನ್ನೊಂದು ಕಿತ್ತಳೆ ಎಸೆಯುವ ಮೊದಲು ನೋಡುವ ಹಾಗೆ.

ಏನೇನೋ ಹೇಳಬೇಕೆಂದಿದ್ದೆ. ಮೂರು ವಾರದಿಂದ ನಡೆಯುತ್ತಾ, ಹಲ್ಲುಜ್ಜುತ್ತಾ ಜೋಡಿಸಿಟ್ಟ ಮಾತು. ಒಂದೂ ಬರಲಿಲ್ಲ.

“ಬೇಕು” ಅಂದೆ.

ಇನೊಂಗೆ ಕಾದಳು. ಮತ್ತೆ ಹೇಳಿದೆ. “ಆ ಕಾಗದ ನಾನೇ ಬರೆದದ್ದು, ಇಲ್ಲ ಅನ್ನಲ್ಲ. ಆಗ ಇವ್ರು ನನಗೆ ಗೊತ್ತಿರ್ಲಿಲ್ಲ. ಒಂಬತ್ತು ವರ್ಷ ಒಂದೇ ಮನೇಲಿದ್ದು ಗೊತ್ತಿರ್ಲಿಲ್ಲ. ಮುದ್ದೆ ಮಾಡೋಕೆ ಬರುತ್ತೆ ಈಗ. ಮೊಣಕಾಲು ಸರಿ ಹೋಗಲ್ಲ. ವಯಸ್ಸೂ ಕಡಿಮೆ ಆಗಲ್ಲ. ಶನಿವಾರ ನಮಗೆ ಆಟ ಇರುತ್ತೆ, ಮೂರು ಜನಾನೂ ಬೇಕು. ಕರ್ಕೊಂಡ್ ಹೋಗ್ಬೇಡಿ, ತಾಯಿ.”

“ನಾನು ಹಾಗೆಲ್ಲ ಕರ್ಕೊಂಡ್ ಹೋಗೋಕೆ ಬಂದಿಲ್ಲ. ನೋಡೋಕೆ ಬಂದೆ. ಆದ್ರೆ ನಿಮಗೇನಾದ್ರೂ ಆದ್ರೆ ಇವರಿಗೆ ಯಾರು? ಅದನ್ನ ಬರೀಬೇಕು ನಾನು.”

 ಶನಿವಾರ ಹಾಲ್‌ಗೆ ಬನ್ನಿ ಎಂದೆ.

ಜೀಪು ಹೋದ ಮೇಲೆ ಚೀಲ ಎತ್ತಿ ಒಳಗೆ ತಂದೆ. ಬಟ್ಟೆಗಳನ್ನು ನಾನೇ ಕಪಾಟಿನಲ್ಲಿಟ್ಟೆ. ಅನಸ್ತಾಸಿಯಾಳ ಉಡುಪುಗಳಿದ್ದ ಅರೆಯಲ್ಲಿ ಜಾಗ ಮಾಡಿದೆ. ಚಿಲುಫ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.  ಮಡಿಸಿದ್ದು ಸರಿಯಿಲ್ಲ ಎಂದು ಆಮೇಲೆ ಬಂದು ಮತ್ತೆ ಮಡಿಸಿದಳು.

ಜೂನ್ 16, ಶನಿವಾರ

ಇನೊಂಗೆ ಬಂದಳು. ಶಾವಾ ಅವಳನ್ನು ಬೂಟು ಬಿಚ್ಚಿಸಿ ನೆಲಕ್ಕೆ ಕೂರಿಸಿದಳು. ಇಸ್ತ್ರಿ ಮಾಡಿದ ಲಂಗದಲ್ಲೇ ಒಂದು ಸುತ್ತು ಆಡಿದಳು. ಬೆಸಾ ಅವಳನ್ನು ಎಳೆದೆಳೆದು ನೀಲಿಗೆ ಕೂರಿಸಿದ.

ಕೊನೆಗೆ ಫೈಲು ತೆಗೆದು, ‘ಇವರಿಗೆ ಯಾರು’ ಎಂಬ ಸಾಲಿನ ಮುಂದೆ ಏನು ಬರೆಯಲಿ ಎಂದು ಕೇಳಿದಳು. ಶಾವಾ, “ನನ್ನ ಹೆಸರು ಬರ್ಕೊಳ್ಳಿ” ಅಂದಳು. ಬಸ್ ಡ್ರೈವರ್ ತನ್ನದೂ ಬರೆಯಿರಿ ಅಂದ. ನರ್ಸುಗಳು ಅಂದರು. ಸಾಲಿನಲ್ಲಿ ಜಾಗ ಸಾಲದೆ ಹಾಳೆಯ ಹಿಂಬದಿಗೆ ಬರೆದಳು.

“ಇಲಿ ತಿನ್ನೋರನ್ನ ನಂಬಿ ಮಕ್ಕಳನ್ನ ಬಿಡೋಕಾಗುತ್ತಾ?” ಎಂದೆ ಶಾವಾಗೆ. ಬೇರೆ ಏನು ಹೇಳಲೂ ತೋಚಲಿಲ್ಲ.

“ಕೋತಿ ತಿನ್ನೋರ ಹತ್ರ ಬಿಟ್ಟಿದ್ದೀವಲ್ಲ, ಅದಕ್ಕಿಂತ ವಾಸಿ” ಅಂದಳು. ಕಣ್ಣೊರೆಸಿಕೊಂಡಳು ಅನಿಸಿತು. ಬೆವರಿರಬಹುದು.

ಜೂನ್ 30, ಶನಿವಾರ

ಕೊನೆಯ ಅಭ್ಯಾಸ. ಹದಿನಾಲ್ಕರಲ್ಲಿ ಒಂಬತ್ತು. ಇಷ್ಟೇ ಬರೆಯುತ್ತೇನೆ, ಸೊಂಟ ನೋವು.

ಜುಲೈ 7, ಶನಿವಾರ

ನ್ದೋಲಾ. ಬಸ್ಸಿನಲ್ಲಿ ಎಲ್ಲರೂ ಹಾಡಿದರು. ರಜೆಗೆ ಬಂದಿದ್ದ ಫೆಲಿಸ್ತಾಳೂ ಜೊತೆಗೆ ಬಂದಳು, ಊಟದ ಡಬ್ಬ ಹೊತ್ತುಕೊಂಡು, “ಭಾವನಿಗೆ ಈ ವಯಸ್ಸಲ್ಲಿ ಇದೇನು ಗ್ರಹಚಾರ” ಎಂದು ದಾರಿಯುದ್ದಕ್ಕೂ ಗೊಣಗುತ್ತಾ. ಆಟ ಶುರುವಾದ ಮೇಲೆ ಗ್ಯಾಲರಿಯಲ್ಲಿ ಅವಳ ದನಿಯೊಂದೇ ಕೇಳುತ್ತಿತ್ತು.

ಎರಡು ಪಂದ್ಯ ಗೆದ್ದು ಫೈನಲ್‌ಗೆ ಬಂದೆವು. ಕಿತ್ವೆಯವರ ತಂಡ. ಕೊನೆಯ ಸೆಟ್ಟಿನಲ್ಲಿ ಹದಿಮೂರು ಹದಿನಾಲ್ಕು. ಅವರು ಹೊಡೆದ ಚೆಂಡು ನನಗೂ ಚಿಲುಫ್ಯಳಿಗೂ ನಡುವೆ ಬಂತು. ಅವಳದು ಅಂದುಕೊಂಡೆ. ನನ್ನದು ಅಂದುಕೊಂಡಳು. ಚೆಂಡು ನಮ್ಮಿಬ್ಬರ ನಡುವೆ ಬಿದ್ದು ಉರುಳಿ ಬೆಸಾನ ಮಡಿಲಿಗೆ ಹೋಯಿತು. ಅವನು ಚಪ್ಪಾಳೆ ತಟ್ಟಿದ.

ಸೋತೆವು. ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಬೆಸಾ ಕೊರಳಿನ ಬೆಳ್ಳಿ ಬಣ್ಣದ ಪದಕ ನೆಕ್ಕುತ್ತಾ ನನ್ನ ಮೇಲೆ ಒರಗಿ ನಿದ್ದೆ ಹೋದ. ಚಿಲುಫ್ಯ ಕಿಟಕಿಯ ಕಡೆ ತಿರುಗಿದವಳು ತಿರುಗಿಯೇ ಇದ್ದಳು.

ಜುಲೈ 8, ಭಾನುವಾರ

ಬೆಳಗಿನಿಂದ ಚಿಲುಫ್ಯಳ ಮುಖ ಊದಿತ್ತು. ಕರೆದರೆ ‘ಹೂಂ’. ಚರ್ಚಿಗೆ ಬರುತ್ತೀಯಾ ಅಂದರೆ ಹೆಗಲು ಕುಣಿಸಿದಳು. ಊಟದ ಮೇಲೆ ತಟ್ಟೆಯನ್ನು ಹಾಗೇ ಬಿಟ್ಟು ಕೂತಳು.

“ಏನಾಯ್ತು?” ಎಂದೆ.

“ಆ ಬಾಲ್ ನಿಂದು.”

“ನಿನ್ನ ಎಡಗೈ ಕಡೆ ಬಂತು.”

“ನಿನ್ನ ಬಲಗೈ ಕಡೆ ಬಂತು. ಬಾಯಿ ತೆಗೆದು ‘ನಂದು’ ಅನ್ನೋಕೇನು? ಹಳೇ ಕಾಲದ್ದೆಲ್ಲ ದಿನಾ ಬಾಯ್ತುಂಬ ಹೇಳ್ತೀಯ, ಅಲ್ಲಿ ಒಂದು ಮಾತು ಕೂಗೋಕೆ ಬರ್ಲಿಲ್ವಾ?”

“ನೀನು ಕೂಗಬಹುದಿತ್ತಲ್ಲ?”

“ನಾನು ಚಿಕ್ಕೋಳು. ನೀನು ಕೂಗ್ಬೇಕು. ನೀನು ಅಪ್ಪ.”

“ಅಪ್ಪ ಅಂತ ಎಲ್ಲಾ ಬಾಲೂ ನಂದೇನಾ?”

“ಮೂರು ತಿಂಗಳು ಆಡಿದೀವಿ! ನಿನ್ನಿಂದ ಹೋಯ್ತು ಕಪ್ಪು.” ಎದ್ದು ಊರುಗೋಲು ಕುಟ್ಟುತ್ತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೋಡೆಯ ಕ್ಯಾಲೆಂಡರ್ ಅಲ್ಲ, ಗೋಡೆಯೇ ಅದುರಿತು.

ಫೆಲಿಸ್ತಾ ಎದೆಯ ಮೇಲೆ ಕೈಯಿಟ್ಟು ಕೂತಿದ್ದಳು. “ಅಯ್ಯೋ ದೇವ್ರೇ, ಅಪ್ಪನಿಗೆ ‘ನೀನು, ನಿಂದು’ ಅಂತಾಳಲ್ಲ. ಕೇಳಿಸ್ತೇನ್ ಭಾವ?”

“ಕೇಳಿಸ್ತು” ಎಂದೆ. “ಆದ್ರೆ ಬಾಲ್ ಅವಳದೇ.”

ಫೆಲಿಸ್ತಾ ತಟ್ಟೆ ತೊಳೆಯಲು ಎದ್ದಳು. ಬೇಡ, ಇವತ್ತು ಚಿಲುಫ್ಯಳ ಸರದಿ ಎಂದೆ. ಈಗ ಐದು ಗಂಟೆ. ತಟ್ಟೆಗಳು ಹಾಗೇ ಬಿದ್ದಿವೆ, ನೊಣ ಕೂರುತ್ತಿದೆ. ಒಳಗಿನಿಂದ ಅವಳು ಬೆಸಾನಿಗೆ ನನ್ನ ಬಗ್ಗೆ ದೂರು ಹೇಳುತ್ತಿರುವುದು ಕೇಳಿಸುತ್ತಿದೆ, ನನಗೆ ಕೇಳಿಸಲಿ ಅಂತಲೇ ಗಟ್ಟಿಯಾಗಿ. ಕತ್ತಲಾಗುವುದರೊಳಗೆ ಬಂದು ತೊಳೆಯದಿದ್ದರೆ ಇನ್ನೊಂದು ಜಗಳ ಇದೆ. ನಾನಂತೂ ಬಿಟ್ಟುಕೊಡುವವನಲ್ಲ.